ಕಾರಿನ ಬಿಸಿಗಾಳಿಯ ಜೊತೆ ಬಂದ ವಾಸನೆಗಳು

ಪೆಟ್ರೋಲ್ ಇಲ್ಲವೇ ಡೀಸೆಲ್ ಕಾರಿನ ಹೀಟರ್ ಸಾಮಾನ್ಯವಾಗಿ ತಾನೇ ಬಿಸಿಯನ್ನು ಹುಟ್ಟಿಸುವುದಿಲ್ಲ. ಎಂಜಿನ್ ಹೇಗೂ ಹೊರಚೆಲ್ಲುವ ಬಿಸಿಯಲ್ಲಿ ಒಂದು ಪಾಲನ್ನು ಅದು ಒಳಕ್ಕೆ ತಿರುಗಿಸುತ್ತದೆ. ಬಿಸಿ ಯಾವ ದಾರಿಯಲ್ಲಿ ಬರುತ್ತದೋ ಆ ದಾರಿಯ ವಾಸನೆಯೂ ಅದರೊಂದಿಗೆ ಬರುತ್ತದೆ. ಹಾಗಾಗಿ ಹೀಟರ್ ಬೆಳೆದುಬಂದ ಬಗೆ ತಿಳಿದರೆ ಕೆಟ್ಟ ವಾಸನೆಯ ಮೂಲ ಹುಡುಕುವುದು ಅರ್ಧ ಮುಗಿದಂತೆ.

ಮೊದಲ ಕಾರುಗಳಿಗೆ ಮುಚ್ಚಿದ ಮೈಯೇ ಇರಲಿಲ್ಲ. ಅಮೆರಿಕ ಮತ್ತು ಯುರೋಪಿನ ಚಳಿಗಾಲದಲ್ಲಿ ಜನ ಕಂಬಳಿ ಹೊದ್ದು, ಇದ್ದಿಲಿನ ಕಾಲುಪೆಟ್ಟಿಗೆ ಇಟ್ಟುಕೊಂಡು ಪ್ರಯಾಣಿಸುತ್ತಿದ್ದರು. ಮುಚ್ಚಿದ ಕಾರುಗಳು ಹೆಚ್ಚಿದಾಗ ಕಣ್ಣು ಬಿದ್ದದ್ದು ಎಂಜಿನ್ನಿನ ಅತ್ಯಂತ ಬಿಸಿಯಾದ ಭಾಗದ ಮೇಲೆ, ಅಂದರೆ ಹೊಗೆ ಹೊರಹೋಗುವ ಎಕ್ಸಾಸ್ಟ್ ಮೇಲೆ. 1928ರಿಂದ 1931ರವರೆಗಿನ ಮಾದರಿಗಳಾಗಿ ಬಂದ ಫೋರ್ಡ್ ಮಾಡೆಲ್ ಎ ಕಾರಿಗೆ ಸಿಗುತ್ತಿದ್ದ ಹೀಟರ್, ಎಕ್ಸಾಸ್ಟ್ ಮೇಲೆ ಕೂರಿಸುವ ತಗಡಿನ ಹೊದಿಕೆಯಷ್ಟೆ. ಎಂಜಿನ್ನಿನ ಮೇಲೆ ಚೆಲ್ಲಿದ ಎಣ್ಣೆಯ ವಾಸನೆಯೂ ಗ್ಯಾಸ್ಕೆಟ್ಟಿನಿಂದ ಸೋರಿದ ಹೊಗೆಯೂ ನೇರ ಒಳಗೆ ಬರುತ್ತಿದ್ದವು. ನಿಜವಾದ ಅಪಾಯ ಮಾತ್ರ ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್. ಗಾಳಿಯಿಂದ ತಣಿಯುವ ಎಂಜಿನ್ನಿನ ಫೋಕ್ಸ್‌ವ್ಯಾಗನ್ ಬೀಟಲ್ ಈ ಬಗೆಯ ದಾರಿಯನ್ನು ದಶಕಗಳ ಕಾಲ ಬಿಡಲಿಲ್ಲ. ಸಿಲಿಂಡರುಗಳನ್ನು ತಣಿಸಿದ ಗಾಳಿಯೇ ಅದರ ಒಳಗೆ ಬರುತ್ತಿತ್ತು. 1963ರ ಮಾದರಿಯಿಂದ ತಾಜಾ ಗಾಳಿಯನ್ನು ಬೇರ್ಪಡಿಸಿ ಬಿಸಿಮಾಡುವ ವ್ಯವಸ್ಥೆ ಬಂತು.

ಈಗಿನ ಕಾರಿನೊಳಗೂ ಹೊಗೆಯ ವಾಸನೆ ಬಂದರೆ ಅದನ್ನು ಉಳಿದವುಗಳ ಸಾಲಿಗೆ ಸೇರಿಸಬಾರದು. ಮೂಗಿಗೆ ತಿಳಿಯುವ ಹೊಗೆಯ ಜೊತೆ ಮೂಗಿಗೆ ತಿಳಿಯದ ವಿಷವೂ ಇರಬಹುದು. ಕಿಟಕಿ ತೆರೆದು, ಕಾರು ನಿಲ್ಲಿಸಿ, ಎಂಜಿನ್ ಆರಿಸಿ ಎಲ್ಲರೂ ಹೊರಗಿಳಿಯಬೇಕು. ಎಕ್ಸಾಸ್ಟ್ ಪೂರ್ತಿ ತಪಾಸಣೆಯಾಗುವವರೆಗೆ ಆ ಕಾರನ್ನು ಓಡಿಸಬಾರದು.

ಹೊಗೆಯಿಂದ ಬಿಡುಗಡೆ ಕೊಟ್ಟದ್ದು ನೀರು. 1930ರ ಹೊತ್ತಿಗೆ ಎಂಜಿನ್ ತಣಿಸುವ ಬಿಸಿನೀರನ್ನೇ ಡ್ಯಾಶ್‌ಬೋರ್ಡಿನ ಕೆಳಗಿನ ಪುಟ್ಟ ರೇಡಿಯೇಟರಿಗೆ ಹರಿಸಿ, ಫ್ಯಾನಿನಿಂದ ಅದರ ಮೇಲೆ ಗಾಳಿ ಊದುವ ಪದ್ಧತಿ ಬಂದಿತ್ತು. ಇಂದಿಗೂ ಹೀಟರ್ ಕೋರ್ ಎಂದರೆ ಇದೇ. ನೀರು ಹೆಪ್ಪುಗಟ್ಟದಂತೆ ಎಥಿಲೀನ್ ಗ್ಲೈಕಾಲ್ ಬೆರೆಸುವುದು 1927ರಲ್ಲಿ ಪ್ರೆಸ್ಟೋನ್ ಎಂಬ ಹೆಸರಿನ ಗ್ಲೈಕಾಲ್ ದ್ರವ ಮಾರುಕಟ್ಟೆಗೆ ಬಂದ ಮೇಲೆ ಬಳಕೆಗೆ ಬಂತು. ಕೋರ್ ತೂತಾದರೆ ಬೆಲ್ಲದ ಪಾಕದಂಥ ಸಿಹಿ ವಾಸನೆ ಬರುವುದು ಇದರಿಂದಲೇ. ಗಾಜಿನ ಒಳಮೈಗೆ ಒರೆಸಿದರೂ ಹೋಗದ ಜಿಡ್ಡಿನ ಮಂಜು, ಮುಂದಿನ ಸೀಟಿನ ಕಾಲ ಬಳಿ ಒದ್ದೆಯಾದ ಕಾರ್ಪೆಟ್, ಇಳಿಯುತ್ತಲೇ ಹೋಗುವ ಕೂಲಂಟ್ ಮಟ್ಟ, ಇವು ಕೂಡಿದರೆ ಅನುಮಾನ ಉಳಿಯುವುದಿಲ್ಲ. ಸೋರಿಕೆ ಮುಚ್ಚುವ ದ್ರವ ಸುರಿದರೆ ಕೋರಿನ ಸಣ್ಣ ಕೊಳವೆಗಳೇ ಕಟ್ಟಿಕೊಳ್ಳಬಹುದು. ಕೋರ್ ಬದಲಿಸುವುದೇ ಸರಿಯಾದ ದಾರಿ. ಹಲವು ಕಾರುಗಳಲ್ಲಿ ಅದಕ್ಕಾಗಿ ಡ್ಯಾಶ್‌ಬೋರ್ಡನ್ನೇ ಕಳಚಬೇಕಾಗುತ್ತದೆ, ಬಿಡಿಭಾಗಕ್ಕಿಂತ ಕೂಲಿಯೇ ಹೆಚ್ಚಾಗುವುದೂ ಉಂಟು. ಹಾಗೆಂದು ಮುಂದೂಡುವಂತಿಲ್ಲ. ಗ್ಲೈಕಾಲ್ ವಿಷ, ಅದರ ಸಿಹಿಗೆ ಮಕ್ಕಳು ಮತ್ತು ನಾಯಿಗಳು ಬಾಯಿ ಹಾಕುವ ಭಯವಿದೆ. ಎಂಜಿನ್ ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ತೆರೆಯಲೂಬಾರದು.

1938ರಲ್ಲಿ ಅಮೆರಿಕದ ನ್ಯಾಶ್ ಕಂಪನಿ ಹೊರಗಿನ ಗಾಳಿಯನ್ನು ಸೋಸಿ, ಬಿಸಿಮಾಡಿ ಒಳಗೆ ತಳ್ಳುವ ವ್ಯವಸ್ಥೆ ತಂದಿತು. ಈಗ ಹೆಚ್ಚಿನ ಕಾರುಗಳಲ್ಲಿ ಆ ಗಾಳಿ ಒಳಬರುವುದು ಮುಂದಿನ ಗಾಜಿನ ಬುಡದಿಂದ, ಬಾನೆಟ್ಟಿಗೆ ತೀರ ಹತ್ತಿರದಿಂದ. ವಾಲ್ವ್ ಕವರಿನ ಗ್ಯಾಸ್ಕೆಟ್ ಸವೆದು ಎಣ್ಣೆ ಕಾದ ಎಕ್ಸಾಸ್ಟ್ ಮೇಲೆ ತೊಟ್ಟಿಕ್ಕಿದರೆ ಒಳಗೆ ಸುಟ್ಟ ವಾಸನೆ. ಸಿಗ್ನಲಿನಲ್ಲಿ ನಿಂತಾಗ ಅದು ಹೆಚ್ಚು. ಕೊಳೆತ ಮೊಟ್ಟೆಯ ವಾಸನೆಗೆ ಕಾರಣ ಕೆಟ್ಟ ಕ್ಯಾಟಲಿಟಿಕ್ ಕನ್ವರ್ಟರ್ ಇರಬಹುದು, ಅತಿಯಾಗಿ ಚಾರ್ಜ್ ಆಗುತ್ತಿರುವ ಬ್ಯಾಟರಿಯೂ ಇರಬಹುದು. ತರಗೆಲೆ ಕೊಳೆಯುವುದು, ಇಲಿ ಗೂಡು ಕಟ್ಟಿ ಸಾಯುವುದು ಈ ಗಾಳಿದಾರಿಯಲ್ಲೇ. ಪರೀಕ್ಷೆ ಸುಲಭ: ಒಳಗಿನ ಗಾಳಿಯೇ ತಿರುಗುವ ರಿಸರ್ಕ್ಯುಲೇಶನ್ ಗುಂಡಿ ಒತ್ತಿದಾಗ ವಾಸನೆ ಇಳಿದರೆ ಮೂಲ ಹೊರಗಿದೆ. ಇಳಿಯದಿದ್ದರೆ ಹೀಟರ್ ಕೋರ್ ಕೂರುವ ಪೆಟ್ಟಿಗೆಯೊಳಗೇ ಹುಡುಕಬೇಕು.

ಆ ಪೆಟ್ಟಿಗೆಗೆ ಮುಗ್ಗಲು ವಾಸನೆ ಬಂದದ್ದು ತಂಪಿನ ದೆಸೆಯಿಂದ. ಅದೇ ನ್ಯಾಶ್ 1954ರಲ್ಲಿ ಬಿಸಿ ಮತ್ತು ಏಸಿ ಎರಡನ್ನೂ ಕಾರಿನ ಮುಂಭಾಗದಲ್ಲೇ ಒಂದೇ ವ್ಯವಸ್ಥೆಯಾಗಿ ಜೋಡಿಸಿತು. ಏಸಿಯ ಇವಾಪೊರೇಟರ್ ಮೇಲೆ ತೇವ ಹನಿಗಟ್ಟುತ್ತದೆ. ಧೂಳು ಸೇರಿದರೆ ಬೂಸ್ಟು ಬೆಳೆಯುತ್ತದೆ. ಕರ್ನಾಟಕದಲ್ಲಿ ಹೆಚ್ಚು ಕಾಣಸಿಗುವ ತೊಂದರೆ ಇದೇ. ಆಗುಂಬೆ, ಚಾರ್ಮಾಡಿಯ ಮಳೆಯಲ್ಲಿ ಗಾಜಿನ ಮಂಜು ಬಿಡಿಸಲು ಏಸಿ ಮತ್ತು ಬಿಸಿಗಾಳಿ ಎರಡೂ ಬೇಕಾಗುತ್ತವೆ, ಮಳೆಗಾಲದುದ್ದಕ್ಕೂ ಪೆಟ್ಟಿಗೆ ಒಣಗುವುದೇ ಇಲ್ಲ. ಮೊದಲು ನೀರು ಹೊರಹೋಗುವ ಕೊಳವೆ ಕಟ್ಟಿದೆಯೇ ನೋಡಬೇಕು. ಆಮೇಲೆ ಕ್ಯಾಬಿನ್ ಫಿಲ್ಟರ್ ಬದಲಿಸಿ, ನೊರೆ ಕ್ಲೀನರಿನಿಂದ ಇವಾಪೊರೇಟರ್ ತೊಳೆಸಬೇಕು. ಸುಗಂಧದ ಡಬ್ಬಿ ಇದಕ್ಕೆ ಮದ್ದಲ್ಲ. ಊರು ತಲುಪುವ ಕೆಲವು ನಿಮಿಷ ಮೊದಲೇ ಏಸಿ ಆರಿಸಿ ಬರೀ ಫ್ಯಾನ್ ಓಡಿಸಿದರೆ ತೇವ ಆರುತ್ತದೆ.

ವಿದ್ಯುತ್ ಕಾರಿನಲ್ಲಿ ಎಂಜಿನ್ನೂ ಇಲ್ಲ, ಅದರ ಬಿಸಿಯೂ ಇಲ್ಲ. ವಿದ್ಯುತ್ ಹೀಟರ್ ಇಲ್ಲವೇ ಹೀಟ್ ಪಂಪ್ ಆ ಕೆಲಸ ಮಾಡುತ್ತದೆ. ಹೊಗೆ, ಎಂಜಿನ್ ಎಣ್ಣೆಯ ವಾಸನೆಗಳು ಹೋದರೂ ಇವಾಪೊರೇಟರಿನ ಬೂಸ್ಟು ಉಳಿದಿದೆ. ಬಹಳ ದಿನಗಳ ಮೇಲೆ ಹೀಟರ್ ಹಾಕಿದಾಗ ಧೂಳು ಸುಟ್ಟ ವಾಸನೆ ಬಂದು ಸ್ವಲ್ಪ ಹೊತ್ತಿನಲ್ಲೇ ಹೋದರೆ ಚಿಂತೆಯಿಲ್ಲ. ಪ್ಲಾಸ್ಟಿಕ್ ಕರಗಿದ ವಾಸನೆ ಬಂದರೆ, ಕಾರು ಯಾವುದೇ ಇರಲಿ, ಹೀಟರನ್ನು ತಕ್ಷಣ ಆರಿಸಿ ಫ್ಯಾನ್ ಮೋಟಾರ್, ಅದರ ರೆಸಿಸ್ಟರ್ ಮತ್ತು ತಂತಿಗಳನ್ನು ಪರೀಕ್ಷಿಸಬೇಕು. ವಿದ್ಯುತ್ ಕಾರಿನ ಕಿತ್ತಳೆ ಬಣ್ಣದ ಹೈ ವೋಲ್ಟೇಜ್ ಕೇಬಲ್‌ಗಳನ್ನು ತರಬೇತಿ ಪಡೆದ ಮೆಕ್ಯಾನಿಕ್ ಹೊರತು ಬೇರಾರೂ ಮುಟ್ಟಬಾರದು.