ಮೆಂತ್ಯದ ಬೇರಿನಲ್ಲೊಂದು ಗೊಬ್ಬರದ ಕಾರ್ಖಾನೆ

ದೋಸೆಗೆ ಅಕ್ಕಿ, ಉದ್ದು ನೆನೆಹಾಕುವಾಗ ಒಂದು ಚಮಚ ಮೆಂತ್ಯ ಸೇರಿಸುವುದು ಅನೇಕ ಮನೆಗಳ ವಾಡಿಕೆ. ಅದೇ ಕಾಳನ್ನು ಒಂದು ಹಿಡಿ ಹಿತ್ತಲಿನ ಮಣ್ಣಿಗೆ ಬಿತ್ತಿದರೆ ನಾಲ್ಕು ವಾರಗಳಲ್ಲಿ ಪಲ್ಯಕ್ಕೋ ಬಾತಿಗೋ ಸೊಪ್ಪು ಸಿದ್ಧ. ಜೊತೆಗೆ ಮಕ್ಕಳಿಗೊಂದು ವಿಜ್ಞಾನದ ಪಾಠ.

ಗಾಳಿಯಲ್ಲಿ ಶೇಕಡಾ 78 ಭಾಗ ಸಾರಜನಕ, ಅಂದರೆ ನೈಟ್ರೋಜನ್ ಇದೆ. ಪ್ರೋಟೀನು ತಯಾರಿಸಲು ಗಿಡಕ್ಕೆ ಅದು ಬೇಕೇ ಬೇಕು. ಆದರೆ ಅದರ ಪರಮಾಣುಗಳು ಎರಡೆರಡಾಗಿ ಬಿಗಿಯಾಗಿ ಅಂಟಿಕೊಂಡಿರುವುದರಿಂದ ಗಿಡ ಅದನ್ನು ನೇರವಾಗಿ ಬಳಸಲಾರದು. ಯೂರಿಯಾ ತಯಾರಿಕೆಗೆ ಬೇಕಾದ ಅಮೋನಿಯಾವನ್ನು ಕಾರ್ಖಾನೆಗಳಲ್ಲಿ ಸುಮಾರು 400ರಿಂದ 500 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ಭಾರಿ ಒತ್ತಡದಲ್ಲಿ ತಯಾರಿಸುತ್ತಾರೆ. ಮೆಂತ್ಯದ ಬೇರುಗಂಟುಗಳಲ್ಲಿರುವ ರೈಜೋಬಿಯಂ ಗುಂಪಿನ ಬ್ಯಾಕ್ಟೀರಿಯಾಗಳು ಇದೇ ಕೆಲಸವನ್ನು ಮಣ್ಣಿನ ತಂಪಿನಲ್ಲೇ ಮಾಡಿ ಮುಗಿಸುತ್ತವೆ! ಗಿಡ ಅವಕ್ಕೆ ಆಹಾರ ಕೊಡುತ್ತದೆ. ಅವು ಗಿಡಕ್ಕೆ ಸಾರಜನಕ ಒದಗಿಸುತ್ತವೆ. ದ್ವಿದಳ ಸಸ್ಯಗಳ ಈ ಗುಟ್ಟನ್ನು 1880ರ ದಶಕದಲ್ಲಿ ಜರ್ಮನಿಯ ಹೆಲ್‌ರೀಗೆಲ್ ಮತ್ತು ವಿಲ್ಫಾರ್ಥ್ ಪ್ರಯೋಗಗಳಿಂದ ತೋರಿಸಿಕೊಟ್ಟರು.

ಬೆಳೆಯುವುದು ಸುಲಭ. ರಾತ್ರಿ ನೆನೆಸಿದ ಕಾಳನ್ನು ಬೆರಳಿನ ಅರ್ಧ ಗೆಣ್ಣಿನಷ್ಟು ಆಳದಲ್ಲಿ ಬಿತ್ತಿ, ತೆಳುವಾಗಿ ಮಣ್ಣು ಮುಚ್ಚಬೇಕು. ಕುಂಡವಾದರೆ ತಳದಲ್ಲಿ ತೂತಿರಲಿ. ನೀರು ನಿಂತರೆ ಬೇರು ಕೊಳೆಯುತ್ತದೆ. ಯೂರಿಯಾ ಹಾಕಬಾರದು. ಸಾರಜನಕ ಸುಲಭವಾಗಿ ಸಿಕ್ಕರೆ ಗಿಡ ಗಂಟುಗಳನ್ನು ಕಟ್ಟುವುದನ್ನೇ ಕಡಿಮೆ ಮಾಡುತ್ತದೆ.

ಐದನೆಯ ವಾರದಲ್ಲಿ ಒಂದು ಗಿಡವನ್ನು ಮಣ್ಣಿನ ಸಮೇತ ಎತ್ತಿ, ನೀರಿನಲ್ಲಿ ಮೆಲ್ಲಗೆ ತೊಳೆದು ನೋಡಿ. ಬೇರಿನ ಮೇಲೆ ಪುಟ್ಟ ಗಂಟುಗಳು ಕಾಣುತ್ತವೆ. ಒಂದನ್ನು ಉಗುರಿನಿಂದ ಸೀಳಿದಾಗ ಒಳಗೆ ನಸುಗೆಂಪು ಬಣ್ಣವಿದ್ದರೆ ಕಾರ್ಖಾನೆ ನಡೆಯುತ್ತಿದೆ ಎಂದರ್ಥ. ಆ ಬಣ್ಣ ನಮ್ಮ ರಕ್ತದ ಹಿಮೋಗ್ಲೋಬಿನ್‌ನ ಸಂಬಂಧಿಯಾದ ಲೆಗ್‌ಹಿಮೋಗ್ಲೋಬಿನ್‌ನದು. ಸಾರಜನಕ ಹಿಡಿಯುವ ಕಿಣ್ವಕ್ಕೆ ಆಮ್ಲಜನಕ ತಾಗಿದರೆ ಕೆಡುತ್ತದೆ. ತಾಗದಂತೆ ಕಾಯುವುದು ಇದರ ಕೆಲಸ. ಗಂಟುಗಳೇ ಕಾಣದಿದ್ದರೆ ಆ ಮಣ್ಣಿನಲ್ಲಿ ತಕ್ಕ ಬ್ಯಾಕ್ಟೀರಿಯಾ ಇಲ್ಲದಿರಬಹುದು. ಮೆಂತ್ಯ ಚೆನ್ನಾಗಿ ಬೆಳೆದ ಪಾತಿಯ ಒಂದು ಬೊಗಸೆ ಮಣ್ಣು ತಂದು ಬೆರೆಸಿ, ಮತ್ತೆ ಬಿತ್ತಿ ನೋಡಬಹುದು.

ಮೆಂತ್ಯ ಬೆಳೆದ ಮಾತ್ರಕ್ಕೆ ಮಣ್ಣು ತಾನಾಗಿಯೇ ಫಲವತ್ತಾಗುತ್ತದೆ ಎಂಬ ನಂಬಿಕೆ ಪೂರ್ತಿ ನಿಜವಲ್ಲ. ಸಾರಜನಕದ ಹೆಚ್ಚಿನ ಪಾಲು ಸೊಪ್ಪಿನಲ್ಲಿದ್ದು, ಅದು ನಮ್ಮ ತಟ್ಟೆಗೆ ಬರುತ್ತದೆ. ಗಿಡವನ್ನು ಬೇರುಸಹಿತ ಕಿತ್ತರೆ ಗಂಟುಗಳೂ ಕಸದ ಬುಟ್ಟಿ ಸೇರುತ್ತವೆ. ಆದ್ದರಿಂದ ಅಡಿಗೆಗೆ ಕತ್ತರಿಯಿಂದ ಸೊಪ್ಪನ್ನಷ್ಟೇ ಕತ್ತರಿಸಿಕೊಳ್ಳಿ. ಬಲಿತು ಉಳಿದ ಗಿಡಗಳನ್ನು ಅಲ್ಲೇ ಅಗೆದು ಮಣ್ಣಿಗೆ ಸೇರಿಸಿ. ಅವು ಕೊಳೆತ ಮೇಲೆ ಅದೇ ಪಾತಿಯಲ್ಲಿ ಟೊಮೇಟೊ ಅಥವಾ ಬದನೆ ಸಸಿ ನೆಟ್ಟರೆ, ಮೆಂತ್ಯ ಗಾಳಿಯಿಂದ ಗಳಿಸಿದ್ದರಲ್ಲಿ ಒಂದು ಪಾಲು ಅವಕ್ಕೂ ಸಿಗುತ್ತದೆ.