ಮನೆಯೊಳಗೊಂದು ಪುಟ್ಟ ಕಡಲು: ಮೀನಿಗಿಂತ ಮೊದಲು ನೀರು ಸಾಕಬೇಕು

ಉಪ್ಪುನೀರಿನ ಮೀನು ಎಂದೊಡನೆ ಮುಂಬಯಿಯ ತುಳು-ಕನ್ನಡಿಗರ ಮನೆಗಳಲ್ಲಿ ನೆನಪಾಗುವುದು ಬಂಗುಡೆ, ಬೂತಾಯಿ, ಅಂಜಲ್. ಅವುಗಳ ಜಾಗ ಕಾವಲಿಯ ಮೇಲೆ, ಇಲ್ಲವೇ ಮಣ್ಣಿನ ಅಳಗೆಯಲ್ಲಿ. ಆದರೆ ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಯಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಕಡಲಮೀನು ಎಂದರೆ ಕಿತ್ತಳೆ ಬಣ್ಣದ ಮೈಯ ಮೇಲೆ ಬಿಳಿ ಪಟ್ಟಿ ಹೊತ್ತ ‘ನೀಮೋ’. 2003ರಲ್ಲಿ ‘ಫೈಂಡಿಂಗ್ ನೀಮೋ’ ಚಿತ್ರ ಬಂದಂದಿನಿಂದ ಈ ಕ್ಲೌನ್ ಮೀನನ್ನು ಮನೆಗೆ ತರಬೇಕೆಂಬ ಹಟ ಹಲವು ಮನೆಗಳಲ್ಲಿ ಕೇಳಿಬರುತ್ತಿದೆ.

ಹಿಂದೆ ಈ ಆಸೆಯನ್ನು ತೀರಿಸಲು ತಾರಾಪೋರ್‌ವಾಲಾ ಅಕ್ವೇರಿಯಂ ಇತ್ತು. 1951ರಲ್ಲಿ ಮರೀನ್ ಡ್ರೈವ್‌ನಲ್ಲಿ ಆರಂಭವಾದ ಅದು, ಊರಿನಿಂದ ಬಂದ ನೆಂಟರಿಷ್ಟರಿಗೆ ಮುಂಬಯಿ ತೋರಿಸುವವರ ಪಟ್ಟಿಯಲ್ಲಿ ತಪ್ಪದೆ ಇರುತ್ತಿತ್ತು. 2015ರಲ್ಲಿ ನವೀಕರಣಗೊಂಡು ತೆರೆದ ಅದರ ಬಾಗಿಲು 2020ರಲ್ಲಿ ಕೋವಿಡ್ ಕಾಲದಲ್ಲಿ ಮುಚ್ಚಿತು. ಈಗ ಭಾನುವಾರ ಲೋಕಲ್ ಹಿಡಿದು ಕ್ರಾಫರ್ಡ್ ಮಾರ್ಕೆಟ್ ಪರಿಸರಕ್ಕೋ ಕುರ್ಲಾಕ್ಕೋ ಹೋಗಿ ಬಣ್ಣದ ಮೀನು ನೋಡುವವರಿದ್ದಾರೆ. ನೋಡಲು ಹೋದವರು ಗಾಜಿನ ತೊಟ್ಟಿ, ಉಪ್ಪು, ಪಂಪು, ಮೀನು ಎಲ್ಲವನ್ನೂ ಒಂದೇ ದಿನ ಖರೀದಿಸಿ ತರುವುದೂ ಉಂಟು. ವಾರ ಕಳೆಯುವುದರೊಳಗೆ ಮೀನು ಮಗುಚಿ ತೇಲುತ್ತದೆ. ಮಗು ಅಳುತ್ತದೆ, ತೊಟ್ಟಿ ಮಾಳಿಗೆ ಸೇರುತ್ತದೆ. ತಪ್ಪು ಮೀನಿನದಲ್ಲ, ಅವಸರದ್ದು.

ಯಾವ ಉಪ್ಪು, ಯಾವ ನೀರು?

ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿನಂಶವಿದೆ. ಅಡುಗೆಮನೆಯ ಅಯೋಡಿನ್ ಉಪ್ಪನ್ನು ಅಷ್ಟೇ ತೂಕ ಹಾಕಿದರೆ ಕಡಲಾಗದು. ಕಡಲಿನಲ್ಲಿ ಸೋಡಿಯಂ ಕ್ಲೋರೈಡ್ ಜೊತೆಗೆ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಮೊದಲಾದವು ಸೇರಿವೆ. ಇವೆಲ್ಲ ಸರಿಯಾದ ಪ್ರಮಾಣದಲ್ಲಿರುವ ‘ಸಿಂಥೆಟಿಕ್ ಸೀ ಸಾಲ್ಟ್’ ಅಂಗಡಿಗಳಲ್ಲಿ ಸಿಗುತ್ತದೆ.

ಕಡಲು ಹತ್ತಿರವೇ ಇದೆ, ವಾಶಿ ಖಾಡಿಯಿಂದ ಎರಡು ಕ್ಯಾನ್ ನೀರು ತಂದರಾಯಿತು ಎಂದುಕೊಳ್ಳುವುದು ಬೇಡ. ಥಾಣೆ ಖಾಡಿಯ ನೀರಿಗೆ ಮಳೆಗಾಲದಲ್ಲಿ ಸಿಹಿನೀರು ಸೇರುತ್ತದೆ. ನಗರದ ಕೊಳಚೆ, ಕಾರ್ಖಾನೆಗಳ ತ್ಯಾಜ್ಯ ವರ್ಷವಿಡೀ ಸೇರುತ್ತವೆ. ಫ್ಲೆಮಿಂಗೋ ಹಕ್ಕಿಗಳಿಂದಾಗಿ 2015ರಲ್ಲಿ ಅಭಯಾರಣ್ಯವಾಗಿ, 2022ರಲ್ಲಿ ರಾಮ್ಸಾರ್ ತಾಣವಾಗಿ ಘೋಷಿತವಾದ ಖಾಡಿ ಅದು. ಹಕ್ಕಿಗಳಿಗೆ ಒಗ್ಗಿದ ಕೆಸರುನೀರು ಹವಳದ ದಿಬ್ಬದ ಮೀನಿಗೆ ಒಗ್ಗದು.

ಬಾರ್ವಿ, ಭಾತ್ಸಾ, ಮೋರ್ಬೆ ಹೀಗೆ ಯಾವ ಅಣೆಕಟ್ಟಿನ ನೀರು ನಳ್ಳಿಗೆ ಬಂದರೂ ಅದರಲ್ಲಿ ಕ್ಲೋರಿನ್ ಇರುತ್ತದೆ. ಅದು ಮೀನಿನ ಕಿವಿರಿಗೆ ಹಾನಿಕರ. ಆರ್.ಓ. ನೀರು ಉತ್ತಮ, ಇಲ್ಲವಾದರೆ ಕ್ಲೋರಿನ್ ತೆಗೆಯುವ ದ್ರಾವಣ ಬಳಸಲೇಬೇಕು. ನೀರು ಹಿಡಿದಿಡಲು ಪ್ಲಾಸ್ಟಿಕ್ ಬಕೆಟ್ಟೇ ಸರಿ. ಅಜ್ಜಿಯ ಕಾಲದ ತಾಮ್ರದ ಹಂಡೆ, ಹಿತ್ತಾಳೆಯ ಕೊಡ ಖಂಡಿತ ಬೇಡ. ತಾಮ್ರದ ಅಂಶ ಸಿಗಡಿಯಂಥ ಜೀವಿಗಳಿಗೆ ವಿಷ. ಉಪ್ಪು ಪೂರ್ತಿ ಕರಗಿದ ಮೇಲೆ ಹೈಡ್ರೋಮೀಟರ್ ಇಟ್ಟು ನೋಡಿದಾಗ 1.025ರ ಆಸುಪಾಸು ತೋರಿಸಿದರೆ ನೀರು ಸಿದ್ಧ.

ಇಲ್ಲೊಂದು ಸೂಕ್ಷ್ಮವಿದೆ. ಗೋಕರ್ಣದ ಬಳಿಯ ಸಾಣಿಕಟ್ಟಾದ ಉಪ್ಪಿನ ಗದ್ದೆ ನೋಡಿದವರಿಗೆ ಇದು ಬೇಗ ಅರ್ಥವಾದೀತು. ಬಿಸಿಲಿಗೆ ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಮನೆಯ ತೊಟ್ಟಿಯಲ್ಲೂ ಹಾಗೆಯೇ. ನೀರು ಇಳಿದಾಗ ಅಷ್ಟೇ ಸಿಹಿನೀರನ್ನು ತುಂಬಿಸಬೇಕು. ಉಪ್ಪುನೀರು ಸುರಿದರೆ ದಿನದಿಂದ ದಿನಕ್ಕೆ ಉಪ್ಪು ಏರುತ್ತಾ ಹೋಗುತ್ತದೆ.

ಆರು ವಾರ ಖಾಲಿ ತೊಟ್ಟಿ

ಅತಿ ಕಷ್ಟದ ಕೆಲಸ ಏನೂ ಮಾಡದೆ ಕಾಯುವುದು. ಮೀನಿನ ವಿಸರ್ಜನೆ, ಉಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಆಗಿ, ಇನ್ನೊಂದು ಬಗೆ ನೈಟ್ರೇಟ್ ಆಗಿ ಬದಲಾಯಿಸುತ್ತದೆ. ಅಮೋನಿಯಾ, ನೈಟ್ರೈಟ್ ಎರಡೂ ಮೀನಿಗೆ ಅಪಾಯಕಾರಿ. ನೈಟ್ರೇಟನ್ನು ಅದು ಸ್ವಲ್ಪ ಮಟ್ಟಿಗೆ ತಾಳಿಕೊಳ್ಳುತ್ತದೆ. ಕಡಲ ನೀರಿನ ಪಿಎಚ್ 8ಕ್ಕಿಂತ ಹೆಚ್ಚಿರುವುದರಿಂದ ಇಲ್ಲಿ ಅಮೋನಿಯಾದ ವಿಷವೂ ಹೆಚ್ಚು. ಗೋಲ್ಡ್ ಫಿಶ್ ಸಾಕಿದ ಅನುಭವವುಳ್ಳವರೂ ಇಲ್ಲಿ ಎಡವಲು ಇದೂ ಒಂದು ಕಾರಣ.

ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾ ಸಾಕಷ್ಟು ಇರುವುದಿಲ್ಲ. ಮರಳು, ಸೆರಾಮಿಕ್ ಕಲ್ಲು, ಫಿಲ್ಟರ್‌ಗಳ ಮೇಲೆ ಅವು ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಪಂಪು ಓಡಿಸುತ್ತಾ, ಚಿಟಿಕೆ ಮೀನಿನ ಆಹಾರವನ್ನೋ ಸಣ್ಣ ಸಿಗಡಿ ತುಂಡನ್ನೋ ನೀರಿನಲ್ಲಿ ಕೊಳೆಯಲು ಬಿಟ್ಟರೆ ಬ್ಯಾಕ್ಟೀರಿಯಾಕ್ಕೆ ಬೇಕಾದ ಅಮೋನಿಯಾ ಸಿಗುತ್ತದೆ. ಟೆಸ್ಟ್ ಕಿಟ್‌ನಲ್ಲಿ ಮೊದಲು ಅಮೋನಿಯಾ ಏರಿ ಇಳಿಯುತ್ತದೆ, ಬಳಿಕ ನೈಟ್ರೈಟ್ ಏರಿ ಇಳಿಯುತ್ತದೆ. ಎರಡೂ ಸೊನ್ನೆಗೆ ಬಂದು ಅಲ್ಲೇ ನಿಂತ ಮೇಲೆಯೇ ಮೊದಲ ಮೀನು. ಬ್ಯಾಂಕಿನ ಅವಧಿ ಠೇವಣಿ ಇದ್ದಂತೆ ಇದು. ಅವಧಿಗೆ ಮುನ್ನ ಮುರಿದವರಿಗೇ ನಷ್ಟ.

ಈ ಆರು ವಾರ ಮಕ್ಕಳಿಗೆ ಬೇಸರವಾಗುವುದು ಸಹಜ. ಆದರೆ ಪ್ರತಿದಿನ ಕಿಟ್‌ನ ಬಣ್ಣ ನೋಡಿ ಪುಸ್ತಕದಲ್ಲಿ ಅಂಕಿ ಬರೆದಿಡುವ ಕೆಲಸವನ್ನು ಅವರಿಗೇ ವಹಿಸಿದರೆ, ಶಾಲೆಯಲ್ಲಿ ಓದುವ ಸಾರಜನಕ ಚಕ್ರ ಅವರ ಕಣ್ಣೆದುರೇ ನಡೆಯುತ್ತದೆ.

ಭಾರ, ಕರೆಂಟು, ಮಳೆ

ತೊಟ್ಟಿ ದೊಡ್ಡದಾದಷ್ಟೂ ನೀರಿನ ಗುಣ ನಿಧಾನವಾಗಿ ಬದಲಾಗುವುದರಿಂದ ಹೊಸಬರಿಗೆ ಅನುಕೂಲ. ಆದರೆ ನಮ್ಮ ಮನೆಗಳು ಫ್ಲಾಟುಗಳು. 3 ಅಡಿ ಉದ್ದ, ಒಂದೂಕಾಲು ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿಯಲ್ಲಿ ಸುಮಾರು 159 ಲೀಟರ್ ಹಿಡಿಯುತ್ತದೆ. ಗಾಜು, ಮರಳು, ಕಲ್ಲು, ಸ್ಟ್ಯಾಂಡ್ ಸೇರಿದರೆ 200 ಕಿಲೋ ದಾಟುತ್ತದೆ. ಮೂವರು ವಯಸ್ಕರು ಒಂದೇ ಕಡೆ ಹಗಲಿರುಳು ನಿಂತಂತೆ. ಅದನ್ನು ಬೀಮ್ ಇರುವ ಗೋಡೆಗೆ ತಾಗಿ ಇಡಬೇಕೇ ಹೊರತು ಗ್ಯಾಲರಿಯಲ್ಲಲ್ಲ. ಪ್ರತಿ ಮಳೆಗಾಲಕ್ಕೆ ಮುನ್ನ ಮಹಾನಗರ ಪಾಲಿಕೆಗಳು ಅಪಾಯಕಾರಿ ಕಟ್ಟಡಗಳ ಪಟ್ಟಿ ಪ್ರಕಟಿಸುವ ಪರಿಸರದಲ್ಲಿ, ಹಳೆಯ ಕಟ್ಟಡದಲ್ಲಿರುವವರು ಸೊಸೈಟಿಯ ಇಂಜಿನಿಯರರನ್ನು ಕೇಳದೆ ಮುಂದುವರಿಯಬಾರದು.

ಉಪ್ಪುನೀರಿನ ಹನಿ ಕಬ್ಬಿಣವನ್ನು ತಿನ್ನುತ್ತದೆ, ಕರೆಂಟನ್ನು ಸುಲಭವಾಗಿ ಹರಿಸುತ್ತದೆ. ಪ್ಲಗ್ ಬೋರ್ಡ್ ತೊಟ್ಟಿಯ ಕೆಳಗಿರಬಾರದು. ವೈರು ಬೋರ್ಡಿಗಿಂತ ಕೆಳಕ್ಕೆ ಬಾಗಿ ಮೇಲೇರುವಂತಿದ್ದರೆ ಹನಿ ಅಲ್ಲೇ ತೊಟ್ಟಿಕ್ಕುತ್ತದೆ. ಶಾಕ್ ತಗಲದಂತೆ ವಿದ್ಯುತ್ ಕಡಿಯುವ ಸ್ವಿಚ್ ಮನೆಯಲ್ಲಿರಬೇಕು, ನೀರಿಗೆ ಕೈ ಹಾಕುವಾಗ ಪ್ಲಗ್ ತೆಗೆದಿರಬೇಕು.

2005ರ ಜುಲೈ 26ರ ಮಹಾಮಳೆಯನ್ನು ಈ ಭಾಗದ ಯಾರೂ ಮರೆತಿಲ್ಲ. ಪಂಪು ನಿಂತರೆ ನೀರಿನಲ್ಲಿ ಆಮ್ಲಜನಕ ಇಳಿಯತೊಡಗುತ್ತದೆ. ಬ್ಯಾಟರಿಯಿಂದ ಓಡುವ ಸಣ್ಣ ಗಾಳಿಪಂಪು ಒಂದನ್ನು ಮಳೆಗಾಲಕ್ಕೆ ಮುನ್ನವೇ ತಂದಿಟ್ಟುಕೊಳ್ಳುವುದು ಜಾಣತನ.

ಮೇ ತಿಂಗಳ ರಜೆ

ಈ ಮೀನುಗಳಿಗೆ 25ರಿಂದ 27 ಡಿಗ್ರಿ ಹಿತ. ಮೇ ತಿಂಗಳಲ್ಲಿ ಡೊಂಬಿವಲಿ, ಕಲ್ಯಾಣದ ಸೆಕೆ ಹೇಳಬೇಕಾಗಿಲ್ಲ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. ನೀರಿನ ಮೇಲ್ಮೈಗೆ ಬೀಸುವ ಸಣ್ಣ ಫ್ಯಾನ್ ಎರಡು ಮೂರು ಡಿಗ್ರಿ ಇಳಿಸಬಲ್ಲದು. ಅದಕ್ಕೂ ಬಗ್ಗದಿದ್ದರೆ ಚಿಲ್ಲರ್ ಬೇಕು. ಈ ಖರ್ಚನ್ನು ಮೊದಲೇ ಲೆಕ್ಕ ಹಾಕದವರು ಬೇಸಿಗೆಯಲ್ಲಿ ಪರದಾಡುತ್ತಾರೆ.

ಅದೇ ಮೇ ತಿಂಗಳಲ್ಲಿ ನಾವು ಮತ್ಸ್ಯಗಂಧ ಎಕ್ಸ್‌ಪ್ರೆಸ್ ಹತ್ತಿ ಊರಿಗೆ ಹೊರಡುತ್ತೇವೆ. ನೇಮ, ಮದುವೆ, ಗೃಹಪ್ರವೇಶ ಎಂದು ಹದಿನೈದು ದಿನ ಕಳೆಯುತ್ತದೆ. ಮನೆಯ ಮೀನಿಗೆ ರಜೆಯಿಲ್ಲ. ಪಕ್ಕದ ಮನೆಯವರಿಗೆ ಬೀಗದ ಕೈ ಕೊಡುವಾಗ ಆಹಾರದ ಡಬ್ಬಿ ಕೊಡದೆ, ದಿನಕ್ಕೊಂದರಂತೆ ಚಿಕ್ಕ ಪೊಟ್ಟಣ ಕಟ್ಟಿಡಬೇಕು. ಹಸಿವಿನಿಂದ ಸಾಯುವ ಮೀನಿಗಿಂತ ಪ್ರೀತಿಯಿಂದ ಹೆಚ್ಚು ಹಾಕಿದ ಆಹಾರ ಕೊಳೆತು ಸಾಯುವ ಮೀನೇ ಹೆಚ್ಚು. ನೀರು ಇಳಿದರೆ ಎಲ್ಲಿಯ ತನಕ ಸಿಹಿನೀರು ತುಂಬಿಸಬೇಕೆಂದು ಗಾಜಿನ ಮೇಲೆ ಗೆರೆ ಹಾಕಿಟ್ಟರೆ ಅವರಿಗೂ ಸುಲಭ.

ಉಳಿದ ದಿನಗಳಲ್ಲಿ ವಾರಕ್ಕೊಮ್ಮೆ ಹತ್ತನೇ ಒಂದು ಪಾಲು, ಅಂದರೆ ಸುಮಾರು 15 ಲೀಟರ್ ನೀರು ಬದಲಿಸಿದರೆ ಸಾಕು. ಅದಕ್ಕೆ ಅರ್ಧ ಕಿಲೋದಷ್ಟು ಉಪ್ಪು, ತಿಂಗಳಿಗೆ ಎರಡು ಕಿಲೋ. ತೆಗೆದ ನೀರನ್ನು ಮಾತ್ರ ಅಪ್ಪಿತಪ್ಪಿಯೂ ತುಳಸಿ ಕುಂಡಕ್ಕೆ ಸುರಿಯಬಾರದು.

ಈ ಮೀನು ಎಲ್ಲಿಯದು?

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆಯನ್ನು ಅಂಗಡಿಯಲ್ಲಿ ಕೇಳುವವರು ಕಡಿಮೆ. ಕಡಲಿನ ಅಲಂಕಾರಿಕ ಮೀನುಗಳಲ್ಲಿ ಬಹುಪಾಲು ಹವಳದ ದಿಬ್ಬಗಳಿಂದ ಹಿಡಿದು ತಂದವು. ಫಿಲಿಪ್ಪೀನ್ಸ್, ಇಂಡೋನೇಷ್ಯಾಗಳಲ್ಲಿ ಸಯನೈಡ್ ಚಿಮುಕಿಸಿ ಮೀನಿನ ಮತಿ ತಪ್ಪಿಸಿ ಹಿಡಿದದ್ದೂ ಇದೆ. ಅಂಥ ಮೀನು ನೋಡಲು ಚೆನ್ನಾಗಿದ್ದು ಮನೆಗೆ ಬಂದ ಮೇಲೆ ಸಾಯಬಹುದು. ಹವಳವೂ ಆ ವಿಷಕ್ಕೆ ಬಲಿಯಾಗುತ್ತದೆ.

ಕ್ಲೌನ್ ಮೀನನ್ನು ಮಾತ್ರ ಕೊಳದಲ್ಲೇ ಮರಿ ಮಾಡಿಸಿ ಬೆಳೆಸಬಹುದು. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ನಮ್ಮ ದೇಶದಲ್ಲೇ ಇದನ್ನು ಸಾಧಿಸಿ ತೋರಿಸಿದ್ದಾರೆ. ಹೀಗೆ ಬೆಳೆದ ಮೀನು ಮರಿಯಿದ್ದಾಗಿನಿಂದಲೇ ಒಣ ಆಹಾರಕ್ಕೆ ಒಗ್ಗಿರುತ್ತದೆ, ಹತ್ತು ವರ್ಷಕ್ಕೂ ಮಿಕ್ಕಿ ಬದುಕಬಲ್ಲದು. ಮೊದಲ ತೊಟ್ಟಿಗೆ ಇಂಥ ಒಂದು ಜೋಡಿ ಸಾಕು. ಜೋಡಿಯಲ್ಲಿ ದೊಡ್ಡದು ಹೆಣ್ಣು. ಅದು ಸತ್ತರೆ ಗಂಡೇ ಹೆಣ್ಣಾಗಿ ಬದಲಾಗುವುದು ಪ್ರಕೃತಿಯ ವಿಸ್ಮಯ. ಅದೇ ಚಿತ್ರದ ನೀಲಿ ‘ಡೋರಿ’ ಒಂದಡಿಯವರೆಗೆ ಬೆಳೆಯುವ ಮೀನು. ಮೂರಡಿಯ ತೊಟ್ಟಿ ಅದಕ್ಕೆ ಸೆರೆಮನೆ.

ಹವಳ ಮತ್ತು ಕಡಲಕುದುರೆಗಳಿಗೆ 2001ರಿಂದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಕಡಲಿನಿಂದ ಕಿತ್ತ ಹವಳದ ಕಲ್ಲನ್ನು ‘ಲೈವ್ ರಾಕ್’ ಎಂದು ಯಾರಾದರೂ ಕೊಡಲು ಬಂದರೆ ದೂರ ಇರುವುದು ಕ್ಷೇಮ. ಸೆರಾಮಿಕ್ ಕಲ್ಲು ಅದೇ ಕೆಲಸ ಮಾಡುತ್ತದೆ. ಸಾಕಲಾಗದ ಮೀನನ್ನು ತಲಾವ್‌ಪಾಳಿಗೋ ಖಾಡಿಗೋ ಬಿಡುವುದೂ ತಪ್ಪು. ಅಂಗಡಿಗೆ ಹಿಂದಿರುಗಿಸಬೇಕು ಅಥವಾ ಸಾಕಬಲ್ಲವರಿಗೆ ಕೊಡಬೇಕು.

ಖರೀದಿಗೆ ಮುನ್ನ ಮಕ್ಕಳನ್ನು ಕರೆದುಕೊಂಡು ಐರೋಲಿಯ ಕರಾವಳಿ ಮತ್ತು ಸಾಗರ ಜೀವವೈವಿಧ್ಯ ಕೇಂದ್ರಕ್ಕೆ ಒಮ್ಮೆ ಹೋಗಿಬರುವುದು ಒಳ್ಳೆಯದು. ನಮ್ಮ ಬಾಗಿಲಲ್ಲೇ ಇರುವ ಖಾಡಿಯಲ್ಲಿ, ಕಾಂಡ್ಲಾ ಕಾಡಿನಲ್ಲಿ ಎಷ್ಟು ಜೀವಗಳಿವೆ ಎಂಬುದು ಅಲ್ಲಿ ತಿಳಿಯುತ್ತದೆ. ಅದನ್ನು ಕಂಡು ಬಂದ ಮಗು ಆರು ವಾರ ಖಾಲಿ ನೀರನ್ನು ನೋಡುತ್ತಾ ಕಾದರೆ, ಏಳನೇ ವಾರ ತೊಟ್ಟಿಗೆ ಇಳಿಯುವ ಆ ಪುಟ್ಟ ಜೋಡಿಯನ್ನು ಬರೀ ಆಟಿಕೆ ಎಂದು ಎಣಿಸಲಾರದು. ಕಡಲ ಮಕ್ಕಳೆನಿಸಿಕೊಂಡ ನಮಗೆ ಅಷ್ಟು ತಾಳ್ಮೆ ಕಷ್ಟವಾಗಬಾರದು.