ಟಿಪ್ಪುವಿನ ಸಿಂಹಾಸನದ ಸ್ವರ್ಣಾವಶೇಷಗಳು

ಯುರೋಪಿನ ಅರಮನೆಗಳಲ್ಲಿ ರಕ್ಷಿತವಾಗಿರುವ ರತ್ನಖಚಿತ ಸ್ವರ್ಣವಸ್ತುಗಳೆಲ್ಲವೂ ಅಲ್ಲಿಯ ಅರಸರಿಗಾಗಿ ನಿರ್ಮಿತವಾದವಲ್ಲ. ಇಂಗ್ಲೆಂಡಿನ ರಾಜಸಂಗ್ರಹದಲ್ಲಿರುವ ಹುಮಾ ಪಕ್ಷಿ ಮತ್ತು ವ್ಯಾಘ್ರಶಿರಗಳು ಟಿಪ್ಪು ಸುಲ್ತಾನನ ಸಿಂಹಾಸನದ ಭಾಗಗಳೆಂಬುದನ್ನು ನಾವು ಗಮನಿಸಬೇಕು.

ಆ ಸಿಂಹಾಸನವು ಚಿನ್ನದ ತಗಡು ಹೊದಿಸಿದ ಅಷ್ಟಕೋನದ ಪೀಠವಾಗಿತ್ತು. ದೊಡ್ಡದೊಂದು ಹುಲಿಯ ಆಕೃತಿ ಅದಕ್ಕೆ ಆಧಾರ. ಪೀಠದ ಸುತ್ತಣ ಕಟಾಂಜನದ ಮೇಲೆ ರತ್ನಖಚಿತವಾದ ಕಿರಿಯ ಹುಲಿತಲೆಗಳು. ಛತ್ರದ ಮೇಲೆ ಹುಮಾ. ಈ ಹಕ್ಕಿಯ ನೆರಳು ಯಾರ ಮೇಲೆ ಬೀಳುವುದೋ ಅವನು ಅರಸನಾಗುವನೆಂದು ಪಾರಸಿಕ ಸಂಪ್ರದಾಯದ ನಂಬಿಕೆ. ಆದುದರಿಂದ ಅದು ಛತ್ರದ ಮೇಲಿದ್ದುದು ಕೇವಲ ಅಲಂಕಾರಕ್ಕಾಗಿ ಅಲ್ಲ.

ಇವುಗಳ ಮೂಲವನ್ನು ಕೆಲಸಗಾರಿಕೆಯೂ ಸೂಚಿಸುತ್ತದೆ. ಯುರೋಪಿನ ಅಕ್ಕಸಾಲಿಗರು ಸಾಮಾನ್ಯವಾಗಿ ಹರಳನ್ನು ಲೋಹದ ಕೊಂಡಿಗಳಿಂದಾಗಲಿ ಮಡಿಸಿದ ಅಂಚಿನಿಂದಾಗಲಿ ಹಿಡಿಸುವರು. ಕಿರಿಯ ಹುಲಿತಲೆಗಳಲ್ಲಿರುವುದು ನಮ್ಮ ದೇಶದ ಕುಂದಣದ ಕೆಲಸ. ಚಿನ್ನದ ಟೊಳ್ಳು ಆಕೃತಿಯಲ್ಲಿ ಅರಗನ್ನು ತುಂಬಿ, ಅದರಲ್ಲಿ ಹರಳನ್ನು ಕೂರಿಸಿ, ಸುತ್ತಲೂ ಅತಿಶುದ್ಧವಾದ ಚಿನ್ನದ ತೆಳುರೇಕನ್ನು ಒತ್ತಲಾಗುತ್ತದೆ. ಶುದ್ಧ ಚಿನ್ನವು ಬೆಸುಗೆಯಿಲ್ಲದೆ ಒತ್ತಡದಿಂದಲೇ ತನ್ನೊಳಗೆ ಕೂಡಿಕೊಳ್ಳುವುದು ಈ ವಿಧಾನದ ರಹಸ್ಯ. ಕೆಂಪು, ಪಚ್ಚೆ, ವಜ್ರಗಳು ಒತ್ತಾಗಿ ನಿಲ್ಲುವುದು ಹೀಗೆಯೇ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಮಡಿದ ತರುವಾಯ, ಕೊಳ್ಳೆಯ ಸೊತ್ತನ್ನು ಸೈನ್ಯಕ್ಕೆ ಹಂಚಲು ನಿಯುಕ್ತರಾಗಿದ್ದವರು ಸಿಂಹಾಸನವನ್ನು ತುಂಡರಿಸಿದರು. ಹುಮಾ ಪಕ್ಷಿಯು 3ನೆಯ ಜಾರ್ಜನಿಗೂ, ಸ್ಫಟಿಕದ ಹಲ್ಲುಗಳುಳ್ಳ ದೊಡ್ಡ ವ್ಯಾಘ್ರಶಿರವು 1831ರಲ್ಲಿ 4ನೆಯ ವಿಲಿಯಮನಿಗೂ ಸಂದವು. ಕಿರಿಯ ತಲೆಗಳಲ್ಲೊಂದು ವೇಲ್ಸಿನ ಪೊವಿಸ್ ಕೋಟೆಯಲ್ಲಿದೆ. ಮತ್ತೊಂದು ದೇಶದಾಚೆ ಹೋಗದಂತೆ 2021ರಲ್ಲಿ ಬ್ರಿಟಿಷ್ ಸರ್ಕಾರವು ತಾತ್ಕಾಲಿಕ ತಡೆ ವಿಧಿಸಿತು.

ಸಿಂಹಾಸನದಂತೆ ರಾಜ್ಯವೂ ಹಂಚಿಹೋಯಿತು. ಮೈಸೂರಿನ ಯುದ್ಧಗಳ ಫಲವಾಗಿ ನಿಜಾಮನಿಗೆ ಸೇರಿದ್ದ ಬಳ್ಳಾರಿಯ ಸೀಮೆ 1800ರಲ್ಲಿ ಕಂಪನಿಯ ವಶವಾಯಿತು. ಹಲಕುಂದಿಯಂತಹ ಗ್ರಾಮಗಳ ಕಂದಾಯದ ಚರಿತ್ರೆಯೂ ವಿಂಡ್ಸರಿನ ಸ್ವರ್ಣಪಕ್ಷಿಯ ಚರಿತ್ರೆಯೂ ಒಂದೇ ವಿಭಜನೆಯ ಎರಡು ಮುಖಗಳು.

ಛತ್ರದಿಂದ ಬೇರ್ಪಟ್ಟ ಹುಮಾ ಈಗ ಯಾರ ಮೇಲೂ ನೆರಳು ಚೆಲ್ಲುವುದಿಲ್ಲ. ಬೆಲೆಯುಳ್ಳ ಹರಳುಗಳು ಉಳಿದಿವೆ. ಅವುಗಳಿಗೆ ಅರ್ಥವನ್ನಿತ್ತ ಸ್ಥಾನ ಅಳಿದಿದೆ. ಇಂತಹ ವಸ್ತುಗಳನ್ನು ಅಭ್ಯಸಿಸುವ ವಿದ್ಯಾರ್ಥಿಯು ಒಡೆಯನ ಹೆಸರಿನೊಂದಿಗೆ ಅವುಗಳ ಮೊದಲ ನೆಲೆಯನ್ನೂ ಕೈಕೆಲಸವನ್ನೂ ವಿಚಾರಿಸುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.